ಕರೆಂಟು ತೊಳೆಯುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ನನ್ನ ಕಿವಿಗೆ ಬೆಲೆಯಿಲ್ಲ. ಬಾಯಿಗೆ ಮೊದಲಿನಿಂದಲೂ ಇರಲಿಲ್ಲ, ಮದುವೆಯಾದ ಯಾವ ಗಂಡಸೂ ಅದನ್ನೊಂದು ದೂರು ಎಂದು ಎಣಿಸುವುದಿಲ್ಲ. ಆದರೆ ಸಂಗೀತ ಕೇಳಿ ಕೇಳಿ ಪಳಗಿಸಿಕೊಂಡ ಈ ಕಿವಿಗಳನ್ನು ನನ್ನ ಹೆಂಡತಿ ಮಾಲಾ ‘ಕನ್ನಡಕ ನೇತುಹಾಕುವ ಗೂಟ’ ಎನ್ನುತ್ತಾಳೆ. ಹಾಗೆಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಾನು ಮೋಹನ್‌ಬಾಬು, ಸಾದಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಜಂಗಮಕೋಟೆಯಲ್ಲಿ. ನಡುಮನೆಯ ಗೋಡೆಯಾಚೆಗೆ ರೇಷ್ಮೆ ಹುಳ ಸಾಕುವ ಹುಳದ ಮನೆ. ಅದು ಮಾಲಾ ಮತ್ತು ನಮ್ಮಮ್ಮ ಚಿಕ್ಕವೆಂಕಟಮ್ಮನವರ ಸಾಮ್ರಾಜ್ಯ. ಅಲ್ಲಿ ನನಗಿರುವುದು ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ಬಾಗಿಲ ತನಕ ಹೊರುವ ಅಧಿಕಾರ ಮಾತ್ರ. ನನ್ನ ಸಾಮ್ರಾಜ್ಯ ಗೋಡೆಯ ಈಚೆ: ಒಂದು ಆಂಪ್ಲಿಫೈಯರ್, ಒಂದು ಸಿಡಿ ಪ್ಲೇಯರ್, ಸೊಂಟದೆತ್ತರದ ಎರಡು ಸ್ಪೀಕರ್, ಒಂದು ಕುರ್ಚಿ.

ಕುರ್ಚಿಯಿಂದಲೇ ಎಲ್ಲ ಶುರುವಾಯಿತು. ಈ ವಿದ್ಯೆಯಲ್ಲಿ ನನ್ನ ಗುರು ಚಿಂತಾಮಣಿಯ ಕಾಲೇಜು ಉಪನ್ಯಾಸಕ ಸಿದ್ಧಾರ್ಥ್. (ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಗುರುವಿಗೆ ವಯಸ್ಸು ಯಾಕೆ?) ಅವನ ಅಪ್ಪಣೆಯಂತೆ ಕುರ್ಚಿಯನ್ನು ಸ್ಪೀಕರ್‌ಗಳ ಎದುರು ಗೋಡೆಗೆ, ಅಂದರೆ ಹುಳದ ಮನೆಯ ಗೋಡೆಗೆ ಒತ್ತಿ ಹಾಕಿ ಕಣ್ಣು ಮುಚ್ಚಿ ಕೂತೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ನಿಶ್ಶಬ್ದ ಇರಬೇಕಾದ ಜಾಗದಲ್ಲಿ ಸಣ್ಣಗೆ ಸರಸರ ಎನ್ನುವ ಸದ್ದು. ಫೋನಿನಲ್ಲಿ ಹಿಡಿದು ಗುರುವಿಗೆ ಕಳಿಸಿದೆ.

“ಸಿಸ್ಟಮ್‌ದೇನೂ ತಪ್ಪಿಲ್ಲ ಸರ್,” ಎಂದ ಸಿದ್ಧಾರ್ಥ್. “ನಿಮ್ಮ ಕರೆಂಟ್ ಗಲೀಜು. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಎಲ್ಲರ ಕೊಳೆನೂ ನಿಮ್ಮ ಪ್ಲಗ್ಗಿಗೇ ಬರ್ತಿದೆ. ಒಂದು ಪವರ್ ಕಂಡೀಷನರ್ ಹಾಕ್ಸಿ, ಜತೆಗೊಂದು ಒಳ್ಳೇ ಪವರ್ ಕೇಬಲ್ಲು.”

ವಿಷಯವನ್ನು ಮಾಲಾಳ ಮುಂದೆ ಮಂಡಿಸಿದೆ. ಕರೆಂಟನ್ನು ತೊಳೆದು ಶುಭ್ರ ಮಾಡಿ ಕೊಡುವ ಪೆಟ್ಟಿಗೆ ಎಂದು ಸರಳವಾಗಿಯೇ ವಿವರಿಸಿದೆ.

“ಎಲ್ಲಿಂದಲೋ ಹೊಲ, ಗುಡ್ಡ, ಹುಣಸೆಮರ ಹಾಯ್ಕೊಂಡು ಬರೋ ಕರೆಂಟು, ಕೊನೇ ಎರಡು ಮಾರು ದಪ್ಪ ವೈರಲ್ಲಿ ಬಂದ್ರೆ ಮಡಿ ಆಗೋಗತ್ತಾ?” ಎಂದಳು.

“ನಿಂಗೆ ಅರ್ಥ ಆಗಲ್ಲ ಬಿಡೇ. ಓಲ್ಟೇಜ್ ಏರಿಳಿತ ಕೂಡ ಸರಿ ಮಾಡತ್ತೆ.”

ಸೊಪ್ಪು ಕತ್ತರಿಸುತ್ತಿದ್ದ ಅವಳ ಕೈ ನಿಂತಿತು. “ಓಲ್ಟೇಜ್ ಸರಿ ಮಾಡತ್ತಾ? ಹುಳದ ಮನೆ ಕೂಲರ್ ದಿನಾ ಸಾಯಂಕಾಲ ಮುಕ್ಕರಿತಾ ಇರತ್ತೆ.”

“ಇದು ಸಂಗೀತಕ್ಕೆ ಕಣೇ, ಕೂಲರ್‌ಗಲ್ಲ.”

“ಆಗ್ಲಿ, ತನ್ನಿ. ಆದ್ರೆ ಒಂದು ಮಾತು. ಹಾಕಿದ್ಮೇಲೆ ಆ ಸದ್ದು ಹೋದ್ರೆ ನಿಮ್ಮ ಕಿವಿ ಸುದ್ದಿಗೆ ನಾನು ಜನ್ಮದಲ್ಲಿ ಬರಲ್ಲ. ಮತ್ತೆ ಬಂತೋ, ಪೆಟ್ಟಿಗೆ ಕೂಲರ್‌ಗೆ.”

ಅವಳು ಇಷ್ಟು ಸಲೀಸಾಗಿ ಒಪ್ಪಿದಾಗಲೇ ನಾನು ಎಚ್ಚರವಾಗಬೇಕಿತ್ತು. ಆದರೆ ಜನ್ಮದ ಗೌರವ ಒಂದೇ ಪಂದ್ಯದಲ್ಲಿ ಗಿಟ್ಟುವಾಗ ಯೋಚನೆ ಯಾರಿಗೆ ಬರುತ್ತದೆ? ಆಗಲಿ ಎಂದುಬಿಟ್ಟೆ.

ಪೆಟ್ಟಿಗೆ ಬಂತು. ಅದರ ಹಿಂದೆ ಕೇಬಲ್ಲೂ ಬಂತು, ಹೆಬ್ಬೆರಳಿಗಿಂತ ದಪ್ಪ. ಅಮ್ಮ ಅದನ್ನು ಮುಟ್ಟಿ ನೋಡಿ, “ಇದೇನಪ್ಪ, ಬೋರ್‌ವೆಲ್ ಮೋಟ್ರುದಾ?” ಎಂದು ಕೇಳಿದರು. ಹೆಚ್ಚು ಹೊತ್ತು ಮೆಚ್ಚಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುವ ಗಡಿಬಿಡಿ ಅವತ್ತೇ ಮುಗಿದಿತ್ತು. ನಾನೊಬ್ಬನೇ ಶಾಸ್ತ್ರೋಕ್ತವಾಗಿ ಪ್ಲಗ್ಗು ಸಿಕ್ಕಿಸಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದೆ.

ಸದ್ದು ಇರಲಿಲ್ಲ. ಹಾಡುಗಳ ನಡುವೆ ಎಂಥ ಮೌನ ಎಂದರೆ ನನ್ನ ಉಸಿರಾಟವೇ ನನಗೆ ಅಡಚಣೆಯಾಯಿತು. ಮಾಲಾಳನ್ನು ಕೂಗಿ ಕರೆದು ಕೂರಿಸಿದೆ. ಅವಳು ಸ್ವಲ್ಪ ಹೊತ್ತು ಕೇಳಿ, “ಹೌದು, ಹೋಗಿದೆ,” ಎಂದಳು. ಮುಖದಲ್ಲಿ ಸೋತವರ ಕಳೆ ಇರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎದ್ದು ಹೋದಳು. ಅಳು ಬಂದಿರಬೇಕು ಎಂದುಕೊಂಡು ನಾನು ಉದಾರವಾಗಿ ಸುಮ್ಮನಾದೆ.

ಆಮೇಲಿನ ದಿನಗಳು ನನ್ನ ಬಾಳಿನ ಸುವರ್ಣಯುಗ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದ್ದಾಯಿತು, ಹುಳದ ಮನೆ ತೊಳೆದು ಹೊಸ ಹುಳ ತಂದದ್ದೂ ಆಯಿತು. ನಾನು ಸ್ಟಾಫ್ ರೂಮಿನಲ್ಲಿ ಶುದ್ಧ ವಿದ್ಯುತ್ತಿನ ಬಗ್ಗೆ ಉಪನ್ಯಾಸ ಕೊಡುತ್ತಲೇ ಇದ್ದೆ. ಕೊನೆಗೊಂದು ಭಾನುವಾರ ಸಿದ್ಧಾರ್ಥನನ್ನೇ ಊಟಕ್ಕೆ ಕರೆದೆ.

ಗುರುವನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಮಾಲಾ ಬಾಗಿಲಿಗೆ ಒರಗಿ ನಿಂತಳು. ಮೊದಲ ಹಾಡು ಮುಗಿಯಿತು, ಮೌನ ಬರಬೇಕು. ಬಂದದ್ದು ಸರಸರ. ಮೊದಲಿನ ಸದ್ದಿಗೆ ಇದು ದೊಡ್ಡಣ್ಣನಂತಿತ್ತು.

“ಅರ್ತಿಂಗ್ ವೀಕ್ ಇರ್ಬೇಕು ಸರ್,” ಎಂದ ಸಿದ್ಧಾರ್ಥ್, ಕಣ್ಣು ತೆರೆಯದೆ. “ಗೋಡೆ ಸಾಕೆಟ್ಟೂ ಚೇಂಜ್ ಮಾಡ್ಬೇಕು. ಕೇಬಲ್ಲು ಇನ್ನೊಂದು ಗ್ರೇಡ್ ಮೇಲಿಂದು...”

ಅಷ್ಟರಲ್ಲಿ ಕರೆಂಟ್ ಹೋಯಿತು. ಆಂಪ್ಲಿಫೈಯರಿನ ದೀಪ ಆರಿತು, ಫ್ಯಾನು ನಿಂತಿತು. ಸರಸರ ಮಾತ್ರ ನಿಲ್ಲಲಿಲ್ಲ.

ಸಿದ್ಧಾರ್ಥ್ ಕಣ್ಣು ಬಿಟ್ಟು ಕಿಟಕಿಯತ್ತ ನೋಡಿದ. “ಮಳೆ ಬಂತಾ ಸರ್?”

ಹೊರಗೆ ರಣಬಿಸಿಲಿತ್ತು. ಅಡಿಗೆಮನೆಯಿಂದ ಅಮ್ಮ ಹೇಳಿದರು: “ಮಳೆ ಎಲ್ಲಿ ಬಂತು ನಾಯ್ನಾ, ಹುಳ ಮೇಯ್ತಾ ಅವೆ. ನಾಲ್ಕನೇ ಜ್ವರ ಕಳ್ದು ಪೊರೆ ಬಿಟ್ಟು ಎದ್ದವು, ಹಸ್ಕೊಂಡಿರ್ತವೆ. ಈಗ ತಾನೆ ಸೊಪ್ಪು ಹಾಕಿದ್ನಲ್ಲ.”

ಗುರು ಗೋಡೆಗೆ ಕಿವಿಯಿಟ್ಟ. “ಎಷ್ಟು ಚೆನ್ನಾಗಿ ಮೇಯ್ತಿವೆ,” ಎಂದ. ಹೊರಗಿನವರು ಹುಳವನ್ನು ಹೊಗಳಿದರೆ ದೃಷ್ಟಿಯಾಗುತ್ತದೆ. ಅಮ್ಮ ಉಪ್ಪು ಹಿಡಿದು ಓಡಿಬಂದು ಗೋಡೆಗೆ ನಿವಾಳಿಸಿದರು, ಖಾತ್ರಿಗೆಂದು ಅವನ ಕಿವಿಗಳಿಗೂ ನಿವಾಳಿಸಿದರು.

ನಾನು ಭೂಮಿಗಿಳಿದು ಹೋದೆ. ತೊಟ್ಟಿಲಿನಿಂದ ಕೇಳಿಕೊಂಡು ಬಂದ ಸದ್ದು ಅದು. ಕೇಳಿ ಕೇಳಿ ನನ್ನ ಕಿವಿ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸ್ಪೀಕರ್ ಮುಂದೆ ಕೂತಾಗ ಮಾತ್ರ ಗಲೀಜು ಕರೆಂಟಾಗಿ ಕೇಳಿಸಿತ್ತು. ಹುಳ ಗೂಡು ಕಟ್ಟಲು ಹೋಗಿ ಮೇಯುವುದು ಬಿಟ್ಟಾಗ ಕರೆಂಟು ಶುದ್ಧವಾಗಿತ್ತು, ಹೊಸ ಹುಳ ಸದ್ದು ಕೇಳದಷ್ಟು ಮರಿಯಾಗಿದ್ದಾಗಲೂ ಶುದ್ಧವಾಗಿಯೇ ಇತ್ತು.

“ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದು ಮಾಲಾಳನ್ನು ಕೇಳಿದೆ.

“ನೀವೆಲ್ಲಿ ನನ್ನ ಕೇಳಿದ್ರಿ? ಕರೆಂಟ್ ಗಲೀಜು ಅಂತ ಇಬ್ರೂ ತೀರ್ಮಾನ ಮಾಡ್ಬಿಟ್ಟಿದ್ರಿ. ಅಲ್ದೆ, ನಂಗೂ ಕೂಲರ್‌ಗೆ ಅಂಥ ಪೆಟ್ಟಿಗೆ ಒಂದು ಬೇಕಿತ್ತು.”

ಮಾತಿನಂತೆ ಪೆಟ್ಟಿಗೆಯೂ ಕೇಬಲ್ಲೂ ಹುಳದ ಮನೆಗೆ ಹೋದವು. ಮಾರನೇ ದಿನ ಸಾಯಂಕಾಲ ಮಾಲಾ ನನ್ನನ್ನು ಅಲ್ಲಿನ ಬಾಗಿಲಿಗೆ ಕರೆದಳು. ಅವಳ ದನಿ ಮೆತ್ತಗಿತ್ತು. ನನಗೂ ಮನಸ್ಸು ಹಗುರವಾಯಿತು.

“ಕಣ್ಮುಚ್ಚಿ ಕೇಳಿ. ನಿಮ್ಮ ಕೇಬಲ್‌ನಿಂದ ಕೂಲರ್ ಸದ್ದಲ್ಲಿ ಏನಾದ್ರೂ ಫರಕು ಕಾಣತ್ತಾ? ನಂಗಂತೂ ತಿಳಿಯಲ್ಲ.”

ಕಿವಿಯ ಮಾನ ಉಳಿಸಿಕೊಳ್ಳಲು ಇದೇ ಸಮಯ. ಕಣ್ಣು ಮುಚ್ಚಿ ಆಲಿಸಿದೆ. ಫರಕು ಇತ್ತು, ದೇವರಾಣೆಗೂ ಇತ್ತು. ಕೂಲರ್‌ನ ಕೆಳದನಿ ಗಟ್ಟಿಯಾಗಿದೆ, ಹುಳ ಕಚ್ಚುವ ಒಂದೊಂದು ತುತ್ತೂ ಬಿಡಿಬಿಡಿಯಾಗಿ ಕೇಳುತ್ತಿದೆ ಎಂದು ವಿವರವಾಗಿ ಹೇಳಿದೆ.

“ನಿಜವಾಗ್ಲೂ?”

“ಈ ಕಿವಿ ಸುಳ್ಳು ಹೇಳಲ್ಲ ಕಣೇ.”

“ಹಂಗಾದ್ರೆ ಕಣ್ಬಿಡಿ,” ಎಂದು ಅವಳು ಸುರುಳಿ ಸುತ್ತಿದ್ದ ಕೇಬಲ್ಲನ್ನು ನನ್ನ ಕೈಗಿಟ್ಟಳು. “ಇದನ್ನ ಈಗ ಸಿಕ್ಕಿಸಣ.”