ಮ್ಯಾನೇಜರಮ್ಮನಿಗೆ ತಪ್ಪಿದ ಬಸ್ಸು

ಗಂಡನ ಹುದ್ದೆಯನ್ನು ಗಂಡನಿಗಿಂತ ಹೆಂಡತಿಯೇ ಹೆಚ್ಚು ಜೋಪಾನ ಮಾಡುತ್ತಾಳೆ ಎಂಬುದು ನನ್ನ ಅನುಭವ. ಅವರು ಸಂಜೆ ಅಂಗಿಯ ಜೊತೆ ಅದನ್ನೂ ಕಳಚಿ ಗೂಟಕ್ಕೆ ಹಾಕಿಬಿಡುತ್ತಾರೆ. ನಾವು ಅದನ್ನು ಉಟ್ಟುಕೊಂಡೇ ಪೇಟೆಗೆ ಹೋಗುತ್ತೇವೆ. ನಮ್ಮವರು ಸಕಲೇಶಪುರದಿಂದ ಹೆಗ್ಗದ್ದೆ ಕಡೆಗೆ ಓಡುತ್ತಿದ್ದ ಪ್ರೈವೇಟ್ ಬಸ್ಸಿನ ಮ್ಯಾನೇಜರ್. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನಪ್ಪ, ಕಾನ್ವೆಂಟಿನಲ್ಲಿ ಓದಿಸಿದ ಮಗಳನ್ನು ಕೊಟ್ಟಿದ್ದೇ ಆ ಪದ ಕೇಳಿ. ಕಂಪನಿಗೆ ಇದ್ದದ್ದು ಒಂದೇ ಬಸ್ಸು, ಮ್ಯಾನೇಜರೇ ಟಿಕೆಟ್ ಹರಿದು, ಟಾಪಿಗೆ ಹತ್ತಿ ಬಾಳೆಗೊನೆಯನ್ನೂ ಕಟ್ಟಬೇಕು ಎಂಬುದು ಕೊರಳಿಗೆ ತಾಳಿ ಬಿದ್ದ ಮೇಲೆ ತಿಳಿಯಿತು. ಆದರೂ ಡ್ರೈವರ್ ಹುಸೇನಣ್ಣ ಫ್ರಂಟ್ ಸೀಟನ್ನು ಟವೆಲಿನಲ್ಲಿ ಒರೆಸಿ "ಕುಂತ್ಕಳಿ ಮ್ಯಾನೇಜರಮ್ಮಾ" ಎನ್ನುವಾಗ, ಆನೆಸ್ಟ್ಲಿ, ನನಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

ಆ ಬಸ್ಸಿಗೊಂದು ಪದ್ಧತಿಯಿತ್ತು. ಹೊರಡುವ ಹೊತ್ತೆಂದರೆ ಬರಬೇಕಾದವರೆಲ್ಲ ಬಂದ ಹೊತ್ತು. ಎಸ್ಟೇಟಿನ ಕೂಲಿ ಲೈನಿನ ದ್ಯಾವಮ್ಮ ಸಂತೆಯಲ್ಲಿ ಒಣಮೀನಿಗೆ ಚೌಕಾಸಿ ಮಾಡುತ್ತಿದ್ದರೆ ಬಸ್ಸು ಕಾಯುತ್ತಿತ್ತು. ಗೌಡರ ಕ್ಷೌರ ಮುಗಿಯಲೆಂದೂ ಕಾಯುತ್ತಿತ್ತು. ನಾನಂತೂ ಮನೆ ಮುಂದೆ ನಿಂತ ಬಸ್ಸಿನ ಎರಡನೆಯ ಹಾರ್ನ್ ಕೇಳಿದ ಮೇಲೆಯೇ ಸೀರೆ ಆರಿಸಲು ಟ್ರಂಕ್ ತೆರೆಯುತ್ತಿದ್ದವಳು.

ಹೀಗಿರುವಾಗ ಆ ರೂಟನ್ನು ಸರ್ಕಾರವೇ ವಹಿಸಿಕೊಂಡಿತು. ಹಳೆಯ ನೌಕರರನ್ನು ಕೈಬಿಡುವುದಿಲ್ಲ, ಆದರೆ ಯಾರಿಗೆ ಯಾವ ಗ್ರೇಡು, ಯಾವ ಊರು ಎಂಬುದನ್ನು ಸಾಹೇಬರು ಇಂಟರ್‌ವ್ಯೂ ಮಾಡಿ ತೀರ್ಮಾನಿಸುತ್ತಾರೆ ಎಂದಾಯಿತು. ಡ್ರೈವರ್ ಎಲ್ಲಿ ಹೋದರೂ ಡ್ರೈವರೇ. ನಮ್ಮವರು ಮಾತ್ರ ಇನ್‌ಸ್ಪೆಕ್ಟರ್ ಆಗಬೇಕು, ಇಲ್ಲವೇ ಕಂಡಕ್ಟರ್. ಕಂಡಕ್ಟರನ ಹೆಂಡತಿ ಎನಿಸಿಕೊಂಡು ನಾನು ಪೇಟೆಯಲ್ಲಿ ತಲೆಯೆತ್ತುವುದು ಹೇಗೆ? ಅಡುಗೆಮನೆಯಲ್ಲೇ ಕೋಚಿಂಗ್ ಶುರುಮಾಡಿದೆ. "ಐ ಸೂಪರ್‌ವೈಸ್ ದಿ ಎಂಟೈರ್ ಸರ್ವಿಸ್, ಸರ್" ಎಂದು ಅವರು ಅಕ್ಕಿರೊಟ್ಟಿ ಮುರಿಯುತ್ತ ಒಪ್ಪಿಸುತ್ತಿದ್ದರು.

"ಎಂಟೈರ್ ಅನ್ನಕ್ಕೆ ಇರೋದೇ ಒಂದು ಬಸ್ಸಲ್ವೇನೇ?"

"ಸುಮ್ನೆ ಹೇಳ್ರೀ."

ಇಂಟರ್‌ವ್ಯೂ ಮುಗಿಸಿ ಬಂದವರು ಕಾಫಿ ಲೋಟದಿಂದ ಮುಖ ಎತ್ತಲಿಲ್ಲ. ಜೊತೆಗೆ ಬಂದ ಹುಸೇನಣ್ಣನೇ ಜಗಲಿಯಲ್ಲಿ ಕುಳಿತು ವರದಿ ಒಪ್ಪಿಸಿದ.

"ಇಂಗ್ಲೀಷ್ ಚೆನ್ನಾಗೇ ಹೇಳುದ್ರು ಕಣಮ್ಮಾ, ನಾನು ಬಾಗ್ಲಲ್ಲೇ ನಿಂತಿದ್ದೆ. ಆಮೇಲೆ ಸಾಹೇಬ್ರು, ಬಸ್ಸು ಎಷ್ಟೊತ್ತಿಗೆ ಬಿಡ್ತೀರಿ ಅಂತ ಕನ್ನಡ್ದಲ್ಲೇ ಕೇಳ್ಬುಟ್ರು. ಇವ್ರು, ಎಲ್ಲಾರೂ ಬಂದ್ಮೇಲೆ ಸಾರ್ ಅಂದ್ಬುಟ್ರು! ಬರ್ದಿದ್ರೆ ಏನ್ ಮಾಡ್ತೀರಿ ಅಂದ್ರೆ, ಇನ್ನೊಂದು ಹಾರ್ನ್ ಹೊಡಿತೀವಿ ಅನ್ನೋದಾ ಮಾರಾಯ್ತಿ!"

"ಸುಳ್ಳು ಹೇಳಕ್ಕಾಯ್ತದಾ?" ಎಂದರು ನಮ್ಮವರು. "ಕಾದಿದ್ದು ಹೆಚ್ಚು ಪಾಲು ಇವಳಿಗೇ."

ಕಂಡಕ್ಟರ್ ಗ್ರೇಡೇ ಬಂತು. ಆದರೆ ಅದೇ ರೂಟು, ಅದೇ ಊರು. ಇನ್‌ಸ್ಪೆಕ್ಟರ್ ಆಗಿದ್ದರೆ ದೂರದ ಡಿಪೋಗೆ ಎತ್ತಿಹಾಕುತ್ತಿದ್ದರಂತೆ. ಬಸ್ಸು ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಈಗಲೂ ಎತ್ತಿಹಾಕುತ್ತೇವೆ ಎಂದು ಸಾಹೇಬರು ಎಚ್ಚರಿಸಿದ್ದರು. ಹೇಮಾವತಿಯ ಪಕ್ಕದ ಪುಟ್ಟ ಮನೆ, ಸಂಜೆ ಬಸ್ಸಿನ ಜೊತೆಗೇ ಊರಿಗೆ ಮರಳುವ ಗಂಡ. ಗ್ರೇಡಿನ ದುಃಖ ನನಗೆ ಬಹಳ ದಿನ ಉಳಿಯಲಿಲ್ಲ.

ಸರ್ಕಾರಿ ಬಸ್ಸಿನ ಮೊದಲ ದಿನವೇ ತವರಿಗೆ ಹೋಗೋಣವೆಂದು ಹೊರಟೆ. ವಿಸಿಲ್ ಕೇಳಿಸಿತು. ಇನ್ನೆರಡು ಆಗಲಿ ಎಂದುಕೊಂಡು ಸೀರೆಗೆ ನಿಧಾನವಾಗಿ ಬ್ರೂಚ್ ಚುಚ್ಚಿಕೊಂಡೆ. ರಸ್ತೆಗೆ ಬಂದರೆ ಬಸ್ಸು ತಿರುವಿನಲ್ಲಿದೆ! ಹಿಂದಿನ ಬಾಗಿಲಲ್ಲಿ ನಿಂತ ನಮ್ಮವರು ನನ್ನನ್ನು ನೋಡಿದರು, ನೋಡಿಯೇ "ರೈಟ್!" ಎಂದರು. ಡ್ರೈವರ್ ಕಿಟಕಿಯಿಂದ ಹುಸೇನಣ್ಣನ ಟವೆಲ್ ಮಾತ್ರ ಪಾಪ, ನನ್ನತ್ತ ಬೀಸುತ್ತಿತ್ತು.

"ಕಂಡೂ ಬಿಟ್ಟು ಹೋದ್ರಲ್ರೀ?" ಎಂದು ಸಂಜೆ ಹಾರಾಡಿದೆ.

"ನಿಂಗಿಂತ ಮೊದ್ಲು ಸಂತೇಲಿ ದ್ಯಾವಮ್ಮನ್ನೂ ಬಿಟ್ಟೆ ಕಣೆ. ಅವಳ್ನ ಬಿಟ್ಟು ನಿನ್ನ ಹತ್ತಿಸ್ಕಂಡ್ರೆ ನಾಳೆ ಅವಳ ಬಾಯಿಗೆ ಯಾರು ನಿಲ್ತಾರೆ?"

ಅಂದಿನಿಂದ ನನಗೆ ಯಾವ ಬಸ್ಸೂ ತಪ್ಪಿಲ್ಲ. ಈಗ ಅವರು ರಿಟೈರ್ಡ್. ಮದುವೆಮನೆಗೆ ಹೊರಟರೆ ನಾನು ಬ್ರೂಚ್ ಚುಚ್ಚಿಕೊಂಡು, ಹ್ಯಾಂಡ್‌ಬ್ಯಾಗ್ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆ. ಅವರು ಒಳಗೆ ಪಂಚೆಯ ಅಂಚು ಸರಿಮಾಡುತ್ತಾ, "ಎಲ್ಲಾರೂ ಬಂದ್ಮೇಲೆ ಹೊರಡೋದು ಕಣೆ" ಎನ್ನುತ್ತಾರೆ. ಬಿಟ್ಟು ಹೋಗೋಣವೆಂದರೆ ನನಗೆ ಗ್ರೇಡೂ ಇಲ್ಲ, ವಿಸಿಲ್ಲೂ ಇಲ್ಲ.