ಸರ್ಕಾರಿ ಜಾಗದಲ್ಲಿ ಕೆಲಸ ನಿಲ್ಲಿಸೋರು ಯಾರು?

ಬೆಂಗಳೂರಿನ ಪೂರ್ವ ಭಾಗದಲ್ಲಿ ಪಾಲಿಕೆ ಇಂಜಿನಿಯರ್ ಆಗಿರೋರು ಗೊಂದಲವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗ್ಗೆ ನಾವು ಆಫೀಸಿಗೆ ಬರೋ ಹೊತ್ತಿಗೆ ಅದೇ ಬಂದು ಕುರ್ಚಿ ಎಳ್ಕೊಂಡು ಕೂತಿರುತ್ತೆ. ಖಾಸಗಿಯವರು ಅನುಮತಿ ಇಲ್ಲದೆ ಕಟ್ಟಿದರೆ ಹೋಗಿ ನಿಲ್ಲಿಸುತ್ತೇವೆ, ಅದು ಸುಲಭ. ಆದರೆ ಸರ್ಕಾರದ ಜಾಗದಲ್ಲಿ ಸರ್ಕಾರದ್ದೇ ಇನ್ನೊಂದು ಇಲಾಖೆ ಕಟ್ಟುತ್ತಿದ್ದರೆ ಅದನ್ನು ನಿಲ್ಲಿಸೋ ಅಧಿಕಾರ ಪಾಲಿಕೆಗೆ ಇದೆಯೋ ಇಲ್ಲವೋ? ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋರು ಯಾರಾದರೂ ಸಿಕ್ಕಿದ್ದಾರಾ ಅಂದರೆ, ಅದೂ ಇಲ್ಲ.

ಹಲಸೂರಿನ ಗೋಡೆ

ಹಲಸೂರಿನ ಒಂದು ಗಲ್ಲಿಯ ಬಾಯಲ್ಲೇ ಗೋಡೆ ಏಳುತ್ತಿದೆ, ನಾಳೆ ಆಂಬುಲೆನ್ಸ್ ಬಂದರೂ ಒಳಗೆ ಹೋಗಲ್ಲ ಅಂತ ಅಲ್ಲಿಯವರು ದೂರು ಕೊಟ್ಟರು. ಹೋಗಿ ನೋಡಿದರೆ ನಿಜ. ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು.

"ಕೆಲಸ ನಿಲ್ಸಿ," ಅಂದೆ.

ಮೇಸ್ತ್ರಿ ಕರಣೆ ಕೆಳಗಿಡದೆ, "ಇದು ಗೌರ್ಮೆಂಟ್ ಕೆಲಸ ಮೇಡಂ," ಅಂದ.

"ನಾನೂ ಗೌರ್ಮೆಂಟೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾವ ಗೌರ್ಮೆಂಟು?" ಅಂದ.

ಪಕ್ಕಕ್ಕೆ ಹೋಗಿ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ.

"ಸರ್, ಇದನ್ನ ನಿಲ್ಲಿಸಬಹುದಾ?"

"ನಿಲ್ಲಿಸಬಹುದು."

"ಸರಿ ಸರ್, ನಿಲ್ಲಿಸ್ತೀನಿ."

"ಅಯ್ಯೋ, ನಿಲ್ಲಿಸ್ಬೇಡ್ರೀ! ಆಮೇಲೆ ಅವ್ರು ನಮ್ಮ ಮೇಲೇ ಬರ್ತಾರೆ."

"ಹಾಗಾದ್ರೆ ಮುಂದುವರಿಸಿ ಅಂತ ಹೇಳ್ಲಾ?"

"ಹಾಗೆ ಹೇಳೋಕೆ ನಮಗೆಲ್ಲಿದೆ ಅಧಿಕಾರ?"

ಫೋನ್ ಹಿಡ್ಕೊಂಡು ನಿಂತೇ ಇದ್ದೆ. ಮೇಸ್ತ್ರಿ ಅಲ್ಲಿಂದಲೇ ಕೂಗಿದ: "ಸೀಕ್ರಂ ಮೇಡಂ, ಬೇಗ ಹೇಳಿ! ನಿಮ್ ಗೌರ್ಮೆಂಟು ಕಾಯುತ್ತೆ, ಕಲಸಿದ ಸಿಮೆಂಟ್ ಕಾಯಲ್ಲ!"

ಎಲ್ಲಾ ಗೊತ್ತಿರೋರ ನಂಬರು

ಬಾಣಸವಾಡಿಯಲ್ಲಿ ಸರ್ಕಾರಿ ಸೈಟೊಂದರಲ್ಲಿ ಪಾಯ ತೋಡುತ್ತಿದ್ದರು. ಬೋರ್ಡಿಲ್ಲ. ಜೆಸಿಬಿ ಓಡಿಸೋನಿಗೆ ಯಾವ ಇಲಾಖೆ ಅಂತ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಎಷ್ಟು ಆಳ ಅನ್ನೋದು ಮಾತ್ರ. ಪಕ್ಕದ ಮನೆಯ ಕಾಂಪೌಂಡು ಆಗಲೇ ಗುಂಡಿ ಕಡೆಗೆ ವಾಲಿತ್ತು. ಮನೆಯೊಡತಿ ಗೇಟು ಹಿಡ್ಕೊಂಡು ನಿಂತಿದ್ದರು. ತಾವು ಬಿಟ್ಟರೆ ಗೋಡೆ ಬಿದ್ದುಹೋಗುತ್ತೆ ಅನ್ನೋ ಹಾಗಿತ್ತು ಅವರ ಮುಖ.

ಆಫೀಸಿಗೆ ಬಂದು ಒಂದು ಇಲಾಖೆಗೆ ಫೋನ್ ಮಾಡಿದೆ. "ನಮ್ದಲ್ಲ, ಅವರನ್ನ ಕೇಳಿ" ಅಂದರು. ಅವರು ಇನ್ನೊಬ್ಬರ ಕಡೆ ತೋರಿಸಿದರು. ಹಾಗೇ ಸುತ್ತಿ ಸುತ್ತಿ ಕೊನೆಗೊಬ್ಬ ಪುಣ್ಯಾತ್ಮರು ಸಿಕ್ಕಿದರು. "ಇಲ್ಲಿ ಯಾಕೆ ಕೇಳ್ತೀರಿ? ಪಾಲಿಕೇಲಿ ಒಬ್ರು ಲೇಡಿ ಇಂಜಿನಿಯರ್ ಇದಾರೆ. ಆ ಏರಿಯಾದ್ದೆಲ್ಲ ಅವ್ರಿಗೆ ಗೊತ್ತು. ನಂಬರ್ ಬರ್ಕೊಳ್ಳಿ."

ಅರ್ಧ ಬರೆಯೋ ಹೊತ್ತಿಗೆ, ಎಲ್ಲೋ ನೋಡಿದ ನಂಬರಲ್ವಾ ಅನಿಸಿತು. ಪೂರ್ತಿ ಬರೆದ ಮೇಲೆ ನೋಡಿದರೆ ನಂದೇ.

ಅಷ್ಟು ಹೊತ್ತಿಗೆ ನನ್ನ ತಲೆ ಎಷ್ಟು ಕೆಟ್ಟಿತ್ತು ಅಂದರೆ, ನನ್ನ ಮೊಬೈಲಿಂದಲೇ ಆ ನಂಬರಿಗೂ ಒಂದು ಸಲ ಫೋನ್ ಮಾಡಿದೆ. ಎಂಗೇಜ್ ಬಂತು.

ಶಿವಾಜಿನಗರದ ಬೋರ್ಡು

ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯ ಒಬ್ಬರು ಹಿರಿಯರು ಮಳೆಗಾಲಕ್ಕೆ ಅಂತ ಅಂಗಡಿ ಮುಂದೆ ತಗಡಿನ ಶೀಟ್ ಇಳಿಸಿದ್ದರು. ಫುಟ್‌ಪಾತಿನ ಮೇಲೆ ಬಂದಿದೆ, ತೆಗೀರಿ ಅಂತ ಹೇಳೋಕೆ ಹೋದೆ. ಅವರು ಎದುರುಗಡೆ ಕೈ ತೋರಿಸಿದರು. ಅಲ್ಲಿ ಯಾವುದೋ ಇಲಾಖೆಯವರು ಆ ಬದಿಯ ಫುಟ್‌ಪಾತ್ ನುಂಗಿ ಇಡೀ ರೂಮೇ ಕಟ್ಟುತ್ತಿದ್ದರು.

"ಅರೆ ಮೇಡಂ, ನನ್ನ ತಗಡು ಕಾಣುತ್ತೆ, ಅವರ ಆರ್‌ಸಿಸಿ ಕಾಣಲ್ವಾ?"

"ಅದು ಸರ್ಕಾರಿ ಜಾಗ ಭಾಯ್. ಅದಕ್ಕೆ ನಾವು ಕೈ ಹಾಕೋಕಾಗುತ್ತೋ ಇಲ್ವೋ, ಕೇಳ್ಬೇಕು."

"ಅಂದ್ರೆ ಸರ್ಕಾರಿ ಜಾಗ ಅಂದ್ರೆ ನೀವು ಮುಟ್ಟಲ್ಲ?"

"ಮುಟ್ಟಲ್ಲ ಅಂತಲ್ಲ..."

"ಬಸ್, ಸಮಜ್ ಗಯಾ. ಅರ್ಥ ಆಯ್ತು."

ಮುಂದಿನ ವಾರ ಹೋದರೆ ಶೀಟ್ ಹಾಗೇ ಇತ್ತು. ಅದರ ಮೇಲೆ ನೀಲಿ ಬಣ್ಣದ ಹೊಸ ಬೋರ್ಡು: "ಇದು ಸರ್ಕಾರಿ ಸ್ವತ್ತು. ಅತಿಕ್ರಮ ಪ್ರವೇಶ ನಿಷಿದ್ಧ." ಭಾಯ್ ಗಲ್ಲಾದ ಹಿಂದೆ ನಗುತ್ತಾ ಕೂತಿದ್ದರು. ನಾನು ವಾಪಸ್ ಬಂದೆ. ಯಾಕೆ ಅಂತ ಕೇಳಬೇಡಿ, ಬೋರ್ಡು ನೋಡಿದ ಕೂಡಲೇ ಕಾಲು ತಾನಾಗೇ ಹಿಂದಕ್ಕೆ ಹೋಯಿತು.

ಸ್ವಲ್ಪ ದಿನಕ್ಕೆ ಭಾಯ್ ಓಡೋಡಿ ನಮ್ಮ ಆಫೀಸಿಗೆ ಬಂದರು. ಮುಖದಲ್ಲಿ ನಗು ಇರಲಿಲ್ಲ. ಬೋರ್ಡು ನೋಡಿ ಒಂದು ಇಲಾಖೆಯವರು ಬಂದು ಶೀಟಿನ ಕೆಳಗೆ ಅಳತೆ ತಗೊಂಡು ಹೋದರಂತೆ. ಇನ್ನೊಂದು ಇಲಾಖೆಯವರು ಬಂದು, ಇದು ನಮ್ಮದು, ಅವರು ಹೇಗೆ ಅಳೆದರು ಅಂತ ಜಗಳ ತೆಗೆದರಂತೆ. ಆ ದಿನ ಬೆಳಗ್ಗೆ ಇಬ್ಬರೂ ಸೇರಿ ಅವರ ಅಂಗಡಿಗೇ ಟೇಪ್ ಹಿಡಿಯೋಕೆ ಶುರು ಮಾಡಿದ್ದರು.

"ಮೇಡಂ, ನಾನು ಶೀಟೂ ತೆಗೀತೀನಿ, ಬೋರ್ಡೂ ತೆಗೀತೀನಿ. ಆದ್ರೆ ಅವ್ರು ಮುಟ್ಟೋಕೇ ಬಿಡ್ತಿಲ್ಲ! ಸರ್ಕಾರಿ ಸ್ವತ್ತಿಗೆ ಕೈ ಹಾಕಿದ್ರೆ ಕೇಸ್ ಹಾಕ್ತೀವಿ ಅಂತಾರೆ!"

ಕೆ.ಆರ್.ಪುರದ ಕಟ್ಟಡ

ಕೆ.ಆರ್.ಪುರದ ಕಡೆ ನಮ್ಮ ಸಣ್ಣ ಆಫೀಸಿನಲ್ಲಿ ಹೆಂಗಸರಿಗೆ ಟಾಯ್ಲೆಟ್ ಇರಲಿಲ್ಲ. ನಾನು, ಟೈಪಿಸ್ಟ್, ಕಸ ಗುಡಿಸೋ ಅಕ್ಕ, ಎಲ್ಲರೂ ರಸ್ತೆ ದಾಟಿ ಹೋಟೆಲಿಗೆ ಹೋಗ್ತಿದ್ವಿ. ಹೋದದ್ದಕ್ಕೆ ಮರ್ಯಾದೆಗೆ ಒಂದು ಕಾಫಿ ಕುಡೀಬೇಕು. ಕುಡಿದ ಮೇಲೆ ಮತ್ತೆ ಹೋಗ್ಬೇಕು. ಕಾಡಿ ಬೇಡಿ ಕಾಂಪೌಂಡಿನ ಮೂಲೆಯಲ್ಲಿ ಒಂದು ಕಟ್ಟಿಸೋಕೆ ಒಪ್ಪಿಸಿದೆ. ಗೋಡೆ ಎದ್ದಿತು, ಕಮೋಡ್ ಕೂತಿತು, ನೀರಿನ ಪೈಪ್ ಬಂತು. ಬಾಗಿಲೂ ನಿಂತಿತು. ಸೂರು ಹಾಕೋದೊಂದು ಬಾಕಿ.

ಆಗ ಪಕ್ಕದ ಇಲಾಖೆಯವರು ಬಂದರು. ಮೂಲೆ ತಮ್ಮದಂತೆ. ಅದೂ ಅಲ್ಲದೆ ಪಾಲಿಕೆಯ ಅನುಮತಿ ಇಲ್ಲದೆ ಕಟ್ಟುತ್ತಿದ್ದೀರಿ, ನಿಲ್ಲಿಸಿ ಅಂದರು.

"ನಾವೇ ಪಾಲಿಕೆ," ಅಂದೆ.

"ಅದಕ್ಕೇ ಹೇಳ್ತಿರೋದು. ನೀವೇ ಅನುಮತಿ ತಗೊಂಡಿಲ್ಲ."

ಯಾರಿಂದ ತಗೋಬೇಕು ಅಂತ ಸಾಹೇಬರನ್ನು ಕೇಳಿದೆ. ಅವರು, "ನನ್ನಿಂದ ಅನ್ಸುತ್ತೆ. ಆದ್ರೆ ಜಾಗ ಅವರದ್ದಾದ್ರೆ ನಾನು ಕೊಡೋ ಹಾಗಿಲ್ಲ," ಅಂದರು. ಕೆಲಸ ನಿಂತಿತು. ನಾವು ಮತ್ತೆ ಕಾಫಿ ಕುಡಿಯೋಕೆ ಶುರು ಮಾಡಿದ್ವಿ.

ಕೊನೆಗೆ ಪಕ್ಕದ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರೇ ಸ್ಥಳ ಪರಿಶೀಲನೆಗೆ ಬಂದರು. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕ್ಕೊಂಡು ತಡವಾಗಿ ಬಂದವರಿಗೆ ಮಜ್ಜಿಗೆ ಕೊಟ್ಟೆವು, ಎಳನೀರು ಕೊಟ್ಟೆವು. ಒಂದು ಇಟ್ಟಿಗೆಯೂ ಮೇಲೇಳಬಾರದು, ಯಾರ ಜಾಗ ಅಂತ ತೀರ್ಮಾನ ಆಗೋವರೆಗೂ ಇದು ಹೀಗೇ ಇರಬೇಕು ಅಂತ ಅವರು ಗಟ್ಟಿಯಾಗಿ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಮಾತು ನಿಧಾನ ಆಯಿತು. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಅಂದರು.

"ಸರ್, ನೀವು ನಿಲ್ಲಿಸೋಕೆ ಬಂದಿರೋದು ಅದನ್ನೇ."

ಅವರು ಅದನ್ನೊಮ್ಮೆ ನೋಡಿದರು, ರಸ್ತೆಯಾಚೆಯ ಹೋಟೆಲನ್ನೊಮ್ಮೆ ನೋಡಿದರು. ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. "ಕಟ್ಟೋದಕ್ಕೆ ತಾನೇ ತಡೆ ಇರೋದು," ಅಂತ ತಮಗೆ ತಾವೇ ಹೇಳ್ಕೊಂಡು ಬಿರಬಿರನೆ ಒಳಗೆ ಹೋದರು.

ನಾವೆಲ್ಲ ಎತ್ತಲೋ ನೋಡುತ್ತಾ ನಿಂತ್ವಿ. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಕೆಳಗೆ ನೋಡಿ ಕಿರುಚಿದರು. ಆಮೇಲೆ ಅವರ ಸೊಸೆ ಬಂದು ನೋಡಿದಳು.

ಅಧಿಕಾರಿಗಳು ಕೈಲಿದ್ದ ಫೈಲನ್ನು ತಲೆ ಮೇಲೆ ಹಿಡ್ಕೊಂಡೇ ಆಚೆ ಬಂದರು. ನಮ್ಮ ಯಾರ ಮುಖವನ್ನೂ ನೋಡದೆ ನೆಟ್ಟಗೆ ಜೀಪ್ ಹತ್ತಿ, ಕಿಟಕಿಯಿಂದ ಒಂದೇ ಮಾತು ಹೇಳಿ ಹೋದರು:

"ಜಾಗ ಯಾರದಾದ್ರೂ ಆಗಲಿ ಮೇಡಂ, ಮೊದ್ಲು ಮೇಲೆ ಸೂರು ಹಾಕ್ಸಿ!"