ಮರ್ವಿನ್‌ನ ವಾಕಿಟಾಕಿ

ವಾಕಿಟಾಕಿ ಕೊಳ್ಳುವ ಮಹದಾಲೋಚನೆ ಮರ್ವಿನ್‌ನದು. ಹೆಂಡತಿ ಗ್ಲೆನಿಸಳ ತಮ್ಮ ಡಗ್ ಕಾಲ್ಗೂರ್ಲಿ ಎಂಬ ದೂರದ ಊರಿನಲ್ಲಿ ಹಠಾತ್ತನೆ ತೀರಿಕೊಂಡಿದ್ದ. ಮಣ್ಣು ಮುಗಿಸಿ, ಅವನ ಹಳೆಯ ಪಿಕಪ್ ಗಾಡಿಯನ್ನು ಮರ್ವಿನ್, ಹಿಂದೆ ತಮ್ಮ ಕಾರನ್ನು ಗ್ಲೆನಿಸ್ ಓಡಿಸಿಕೊಂಡು ಅಡಿಲೇಡಿಗೆ ಮರಳುತ್ತಿದ್ದರು. ನಡುವೆ ನಲ್ಲರ್ಬಾರ್ ಬಯಲು. ಅಲ್ಲಿ ಮೊಬೈಲಿಗೆ ಜೀವವಿಲ್ಲವೆಂದು ಗಾಡಿಗೊಂದರಂತೆ ವಾಕಿಟಾಕಿ.

ಗ್ಲೆನಿಸ್ ಮುನಿಸಿಕೊಂಡಿದ್ದಳು. ಸಮಾಧಿಯೆದುರು ಮರ್ವಿನ್ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. (ಅವಳಿಗೆ ಕರವಸ್ತ್ರ ಕೊಟ್ಟು, ಹವಾಮಾನದ ಮಾತು ತೆಗೆದಿದ್ದ.)

"ಮುಂದೆ ಕಾಂಗರೂ ಇದೆ, ನಿಧಾನ," ಎಂದ ವಾಕಿಟಾಕಿಯಲ್ಲಿ.

"ನಂಗೂ ಎರಡು ಕಣ್ಣಿದೆ."

"ಮಾತು ಮುಗಿದಾಗ 'ಓವರ್' ಅನ್ಬೇಕು, ಗ್ಲೆನ್."

"ನಿನ್ನ ಜೊತೆ ಮಾತು ಯಾವತ್ತೋ ಮುಗೀತು!"

ಮರ್ವಿನ್ ಸಿಟ್ಟಿನಿಂದ ಯಂತ್ರವನ್ನು ತೊಡೆಯ ಕೆಳಗೆ ತುರುಕಿದ. ಆಮೇಲೆ ಅದರಿಂದ ಸದ್ದಿಲ್ಲ.

"ನಿನ್ನಕ್ಕ ಮಾತು ಬಿಟ್ಟಿದಾಳೆ ಕಣೋ ಡಗ್," ಎಂದು ಪಕ್ಕದ ಖಾಲಿ ಸೀಟಿಗೆ ದೂರು ಹೇಳಿದ. "ನಾನೂ ಅಳ್ತಾ ಕೂತಿದ್ರೆ ಅವಳನ್ನ ಹಿಡ್ಕೊಳ್ಳೋರು ಯಾರು? ಅವಳು ಮಾಡೋ ಆ ಮೀನಿನ ಪೈ ಕಡುಬನ್ನ ಮೇಜಿನ ಕೆಳಗೆ ನಾಯಿಗೆ ಹಾಕೋಕೆ ಇನ್ಮೇಲೆ ನಂಗ್ಯಾರು ಜೊತೆ? ಶನಿವಾರ ಫುಟ್‌ಬಾಲ್ ಮುಗಿದ್ಮೇಲೆ ಫೋನ್ ಮಾಡಿ ಬೈಯೋರು ಯಾರು? ಹೇಳದೆ ಕೇಳದೆ ಹೊರಟುಬಿಟ್ಯಲ್ಲೋ, ಅಯೋಗ್ಯ!"

ಬಯಲಲ್ಲಿ ಯಾರಿದ್ದಾರೆ ಕೇಳಲು ಎಂದು ಬಾಯಿಬಿಟ್ಟು ಅತ್ತ.

ದಾರಿಬದಿಯ ಹೋಟೆಲಿನಲ್ಲಿ ವಾಕಿಟಾಕಿ ಹಿಡಿದು ಇಳಿದಾಗ ಆಜಾನುಬಾಹು ಲಾರಿ ಡ್ರೈವರೊಬ್ಬ ಟೋಪಿ ತೆಗೆದು ಅವನ ಹೆಗಲ ಮೇಲೆ ಕೈಯಿಟ್ಟ. "ಡಗ್ ಒಳ್ಳೇ ಮನುಷ್ಯ ಅನ್ಸುತ್ತೆ, ಅಣ್ಣ."

"ನಿಂಗ್ಹೇಗೆ ಗೊತ್ತು?"

"ವಾಕಿಟಾಕಿಯ ಮಾತಾಡೋ ಗುಂಡಿ ಮೇಲೆ ಕೂತಿದ್ದೆ ನೀನು! ನಮ್ಮ ರೇಡಿಯೋಗಳೂ ಅದೇ ಚಾನೆಲ್ಲು, ಈ ದಾರಿಯ ಲಾರಿಯವರೆಲ್ಲ ನಿನ್ನ ಮಾತೇ ಕೇಳ್ತಿದ್ವಿ. ಮಧ್ಯೆ ಬಾಯಿ ಹಾಕೋಕೆ ನೀನು ಬಿಟ್ರೆ ತಾನೆ?"

ಒಳಗಿನಿಂದ ಅಡುಗೆಯವಳು ಕೂಗಿದಳು: "ಇಲ್ಲಿ ಕುರಿಮಾಂಸದ ಪೈ ಮಾತ್ರ ಇದೆ, ಹೆದರಬೇಡಿ!"

ಮರ್ವಿನ್ ಭೂಮಿಗಿಳಿದುಹೋದ. ಅಷ್ಟರಲ್ಲಿ ಕಾರಿನಿಂದಿಳಿದ ಗ್ಲೆನಿಸಳ ಕಣ್ಣು ಕೆಂಪಾಗಿತ್ತು.

"ಅದಕ್ಕೇ ನಮ್ಮ ನಾಯಿ ಅಷ್ಟು ಕೊಬ್ಬಿರೋದು!" ಎಂದವಳೇ ಅವನ ಎದೆಗೊರಗಿ ಬಿಕ್ಕಿದಳು.

ಮತ್ತೆ ಗಾಡಿಗಳು ಹೊರಟವು. ವಾಕಿಟಾಕಿ ಗುರುಗುಟ್ಟಿತು. "ಈಗ ನನ್ನ ಸರದಿ. ನೀನು ಸುಮ್ಮನೆ ಕೇಳು."

ಗ್ಲೆನಿಸ್ ಬೇಕೆಂದೇ ಗುಂಡಿ ಅದುಮಿ ಹಿಡಿದಿದ್ದಳು. ಡಗ್ ಹಾಲುಹಲ್ಲು ಬಿದ್ದಾಗ ಅತ್ತದ್ದರಿಂದ ಶುರುವಾಯಿತು. ನಡುನಡುವೆ ಗಂಡನ ಗೊರಕೆ, ಜಿಪುಣತನ, ತೂತು ಬನಿಯನ್ನು. ಸಮಸ್ತ ಲಾರಿಲೋಕವೂ ಕೇಳುತ್ತಿದೆಯೆಂದು ಗೊತ್ತಿದ್ದೂ, ಮುಂದಿನ ಊರು ಬರುವ ತನಕ ಮರ್ವಿನ್ ಒಂದು ಮಾತೂ ತಪ್ಪಿಸದೆ ಕೇಳುತ್ತ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಗಾಡಿ ಓಡಿಸಿದ.